ಕೆಮ್ಮುವ ಕಾರು

ಸುಮಿತ ಬಾನೆಟ್ ಎತ್ತಲಿಲ್ಲ, ಟೈರಿಗೆ ಒದೆಯಲೂ ಇಲ್ಲ. ಬೀದರಿನ ಹಳೇ ಕಾರುಗಳ ಅಂಗಳದ ಮೂಲೆಯಲ್ಲಿ ಧೂಳು ಹೊದ್ದು ನಿಂತಿದ್ದ ಆ ಕೆಂಪು ಸ್ಪೋರ್ಟ್ಸ್ ಕಾರಿನ ಸುತ್ತ ಒಂದು ಸುತ್ತು ಬಂದ. ಎಡ ಬಂಪರಿನ ತಗ್ಗಿಗೆ ಕೈಯಾಡಿಸಿದ.

“ತಗೋತೀನಿ.”

ದಲ್ಲಾಳಿ ನಜಮೋದ್ದೀನನಿಗೇ ಅಯ್ಯೋ ಅನಿಸಿತು. “ಬೇಟಾ, ಇಂಜಿನ್ ಖರಾಬ್ ಅದ. ಅದಕ್ಕೇ ಮೋಟರ್‌ಸೈಕಲ್ ರೇಟಿಗೆ ಕೊಡ್ಲತ್ತೀನಿ. ನಾಳಿ ಬಂದು ನನ್ನ ಕಾಲರ್ ಹಿಡೀಬ್ಯಾಡ.”

“ಮೊದಲ ಯಾರು ಓಡಸ್ತಿದ್ರು?”

ನಜಮೋದ್ದೀನನ ಮುಖ ಅರಳಿತು. ಹೊಗಳಲು ಅವನ ಬಳಿ ಉಳಿದಿದ್ದ ಮಾತು ಅದೊಂದೇ. “ಒಂದೇ ಕೈ ಗಾಡಿ! ಭಾಲ್ಕಿ ಮಾಲಿಕರು. ಸ್ವಂತ ತಮ್ಮಗೂ ಸ್ಟೇರಿಂಗ್ ಮುಟ್ಟಗೊಟ್ಟಿಲ್ಲ. ಎರಡು ವರ್ಷಾತು, ಶೆಡ್ಡಿನಾಗೇ ನಿಂತಿತ್ತು. ಒಂದು ಮಾತು ಹೇಳ್ಯಾರ, ಗಾಡಿ ಈ ಜಿಲ್ಲಾದಾಗ ತಿರಗಬಾರ್ದು.”

“ಜಹೀರಾಬಾದಿಗೆ ಒಯ್ತೀನಿ,” ಎಂದ ಸುಮಿತ. ಅದು ಸುಳ್ಳು. ಅವನ ಮನೆ ಇದ್ದದ್ದು ಇದೇ ಜಿಲ್ಲೆಯ ಔರಾದ ರಸ್ತೆಯ ಮೇಲೆ. “ಒಂದೇ ಕೈ ಅಂದ್ರಲ್ಲ, ಅದನ್ನ ಬರ್ದು ಕೊಡ್ರಿ. ಮಾಲಿಕರ ಹೆಸರು ಹಾಕಿ.”

ನಜಮೋದ್ದೀನ ನಕ್ಕ. ಶಾಲೆ ಬಿಟ್ಟವರಿಗೇ ಕಾಗದದ ಮೇಲೆ ನಂಬಿಕೆ ಜಾಸ್ತಿ. ಬರೆದು, ಸಹಿ ಹಾಕಿ ಕೊಟ್ಟ.

ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಔರಾದಿನ ಗ್ಯಾರೇಜಿಗೆ ಎಳೆದುಕೊಂಡು ಹೊರಟರು. ದಾರಿಯಲ್ಲೇ ಮನೆ. ಬಾಗಿಲಲ್ಲಿ ಹೊರಸಿನ ಮೇಲೆ ಅವ್ವ ಕಾಂತಾಬಾಯಿ ಕೂತಿದ್ದಳು. ಮೋತಿಬಿಂದಿನ ಪೊರೆ ಅವಳ ಎರಡೂ ಕಣ್ಣು ತಿಂದಿತ್ತು. ಆದರೂ ಯಾವ ಬಸ್ಸು ಬಂತು, ಯಾರ ಮೋಟರ್‌ಸೈಕಲ್ ಹೋಯಿತು, ಕೂತಲ್ಲೇ ಹೇಳುವಳು. ಕತ್ತಲಲ್ಲಿ ಕುರಿಯೊಂದು ಕೆಮ್ಮಿದರೆ ಯಾವ ಕುರಿ ಎಂದು ಗುರುತಿಸುತ್ತ ಬಂದ ಕಿವಿ ಅದು. ಟ್ರ್ಯಾಕ್ಟರ್ ದಾಟುವಾಗ ಕೂಗಿ ಹೇಳಿದಳು: “ಎಳಕೊಂಡು ತರಬ್ಯಾಡೋ ಸುಮಿತಾ. ಓಡಿಸ್ಕೊಂಡು ತಾ.”

ಅವ್ವ ಕೇಳಿದ್ದು ಅಷ್ಟೇ. ಆ ಕಾರು ತನ್ನ ಕಾಲ ಮೇಲೆ ತಾನು ನಡೆದು ಒಮ್ಮೆ ಬಾಗಿಲಿಗೆ ಬರಬೇಕು. ಅದಕ್ಕಾಗಿ ಸುಮಿತ ಉಳಿದಿದ್ದ ಹದಿನೆಂಟು ಕುರಿಗಳನ್ನೂ ಮಾರಿದ್ದ. ಇಂಥ ಕಾರು ಹುಡುಕುತ್ತ ಬೀದರಿನಿಂದ ಉದಗೀರದವರೆಗೆ ಸುತ್ತದ ಅಂಗಳ ಉಳಿದಿರಲಿಲ್ಲ.

ಔರಾದಿನ ಚಹಾದಂಗಡಿಯಲ್ಲಿ ಸೋದರಮಾವ ಬಕ್ಕಪ್ಪ ಎಲ್ಲರೆದುರು ಶುರುಮಾಡಿದ. “ಕುರಿ ಮಾರಿ ಕಾರು ತಂದಾನ್ರೆಪ್ಪಾ! ಅದೂ ನಡೀಲಾರದ ಕಾರು. ಕುರಿಗೋಳು ನಡದರೂ ನಡೀತಿದ್ದವು.”

ನಗು ಎದ್ದಿತು.

“ಯಾವ ಪೋರಿಗೆ ತೋರಸ್ಬೇಕಾಗ್ಯಾದಲೇ? ಮಚ್ಛೇಂದ್ರ ಬದುಕಿದ್ರ ಕಪಾಳಕ್ಕ ಬಿಗೀತಿದ್ದ.”

ಅಣ್ಣನ ಹೆಸರು ಕಿವಿಗೆ ಬಿದ್ದದ್ದೇ ಸುಮಿತ ಗ್ಲಾಸು ಕುಕ್ಕಿ ಎದ್ದ. ಚಹಾ ಬಕ್ಕಪ್ಪನ ಧೋತರದ ಮೇಲೆ ಚೆಲ್ಲಿತು. “ಅವನ ಹೆಸರು ತಗೀಬ್ಯಾಡ ಮಾವಾ. ಗಾಡಿ ಬಂದ ದಿನ ಮನಿಗಿ ಬಾ. ಅವತ್ತು ನಗು.”

ಗ್ಯಾರೇಜಿನ ಗೋರಖನಾಥ ನಾಲ್ಕು ದಿನ ಕಾರಿನ ಹೊಟ್ಟೆಯೊಳಗೇ ಇದ್ದ. ಇಲಿಗಳು ವೈರು ಕಡಿದಿದ್ದವು. ಟ್ಯಾಂಕಿನ ಪೆಟ್ರೋಲು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಪಂಪು ಸತ್ತಿತ್ತು. ಐದನೆಯ ದಿನ ಮಧ್ಯಾಹ್ನ ಚಾವಿ ತಿರುಗಿಸಿದ. ಇಂಜಿನ್ ಬೆಣ್ಣೆಯ ಹಾಗೆ ಎದ್ದಿತು. ಗೋರಖನಾಥ ಹಿಗ್ಗಿ ಸುಮಿತನ ಕಡೆ ನೋಡಿದ.

ಸುಮಿತನ ಮುಖ ಬಿಳಿಚಿಕೊಂಡಿತ್ತು. “ಕಾಕಾ, ಇಷ್ಟ ಸಣ್ಣ ಸಪ್ಪಳೇನ್ರಿ ಇದರದು?”

“ಮತ್ತೇನು, ಹುಲಿ ಹಂಗ ಗುರ್ ಅನ್ಬೇಕೇನು?” ಗೋರಖನಾಥ ರೇಗಿದ. ಈಗಿನ ಹುಡುಗರಿಗೆ ಸದ್ದಿದ್ದರೇ ಗಾಡಿ.

ಇಂಜಿನ್ ಬಿಸಿಯಾಯಿತು. ಆಗ ಒಳಗಿಂದ ಬಂತು: ಟಕ್, ಟಕ್, ಟಕ್. ಬಳಿಕ ಮುದುಕನದೊಂದು ಹಳೇ ಕೆಮ್ಮು. ಮತ್ತೆ ಟಕ್, ಟಕ್, ಟಕ್. ಮತ್ತೆ ಕೆಮ್ಮು.

ಸುಮಿತ ಕಣ್ಣು ಮುಚ್ಚಿದ.

“ತಥ್! ಟ್ಯಾಪೆಟ್ ಸಡಿಲ ಆಗ್ಯಾವ,” ಎಂದ ಗೋರಖನಾಥ. “ಹಳೇ ರೋಗ ಇದು. ಅರ್ಧ ತಾಸಿನ ಕೆಲಸ, ರೊಕ್ಕಾನೂ ಬ್ಯಾಡ.” ಪಾನಾ ಹಿಡಿದು ಬಗ್ಗಿದ.

ಸುಮಿತ ಅವನ ಮಣಿಕಟ್ಟು ಹಿಡಿದುಕೊಂಡ. ಹಿಡಿತಕ್ಕೆ ಪಾನಾ ಕೆಳಗೆ ಬಿತ್ತು. “ಮುಟ್ಟಬ್ಯಾಡ್ರಿ.”

“ಹುಚ್ಚ ಹಿಡದದೇನೋ? ಹೋಗ್ಲಿ, ಈ ಬಂಪರ್ ತಗ್ಗರೆ ಎತ್ತಿಸ್ಕೋ.”

“ಅದೂ ಇರ್ಲಿ. ಕಾಕಾ, ನಾಳಿ ಯಾರರೆ ಕೇಳಿದ್ರ, ಈ ಸಪ್ಪಳ ಮೊದಲಿಂದೇ ಇತ್ತಂತ ಹೇಳ್ತೀರಲ್ಲ?”

“ಹೇಳ್ದೇ ಬಿಡ್ತೀನೇನು? ಇಲ್ಲಾಂದ್ರ ನನ್ನ ಹೆಸರು ಕೆಡ್ತದ. ಊರ ತುಂಬ ಹೇಳ್ತೀನಿ!” ಸಿಟ್ಟಿನಲ್ಲೇ ಅವನೂ ಕಾರು ಹತ್ತಿದ. ರಿಪೇರಿಯಾದ ಗಾಡಿಯ ಟ್ರಯಲ್ ನೋಡದೆ ಬಿಡುವುದು ಅವನ ಪದ್ಧತಿಯಲ್ಲ.

ಮನೆಯ ಮುಂದೆ ಜನ ಸೇರಿದ್ದರು. ಬಕ್ಕಪ್ಪ ಎಲ್ಲರಿಗಿಂತ ಮುಂದಿದ್ದ. ಕಾಂತಾಬಾಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕಾರು ಇನ್ನೂ ತಿರುವಿನಲ್ಲಿರುವಾಗಲೇ ಅವಳ ಕೈ ನಿಂತಿತು. ಮೊರ ಜಾರಿ, ತೊಗರಿ ಅಂಗಳದ ತುಂಬ ಚೆಲ್ಲಿತು.

“ಏನ್ ಕೆಮ್ತದಲೇ ಇದು! ಕಷಾಯ ಕುಡಸ್ರಿ,” ಎಂದ ಬಕ್ಕಪ್ಪ. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಕಾಂತಾಬಾಯಿಯನ್ನು ನೋಡುತ್ತಿದ್ದರು.

ಅವಳು ಎದ್ದು, ಸಪ್ಪಳದ ಜಾಡು ಹಿಡಿದು ಬಂದಳು. ಬಿಸಿ ಬಾನೆಟ್ಟಿನ ಮೇಲೆ ಕೈಯಿಟ್ಟಳು. ರೋಗದ ಕುರಿಯ ಪಕ್ಕೆಗೆ ಕಿವಿಗೊಡುವಂತೆ ಬಾಗಿ ಕೇಳಿದಳು. ಟಕ್, ಟಕ್, ಟಕ್. ಕೆಮ್ಮು. ಅವಳ ಬೆರಳು ನಿಧಾನಕ್ಕೆ ಎಡ ಬಂಪರಿನ ತಗ್ಗಿಗೆ ಇಳಿದವು.

“ಯಾರ ಗಾಡಿ?”

ಸುಮಿತ ಜೇಬಿನಿಂದ ನಜಮೋದ್ದೀನನ ಕಾಗದ ತೆಗೆದ. ಭಾಲ್ಕಿಯ ಆ ಹೆಸರನ್ನು ಅಕ್ಷರ ಕೂಡಿಸಿ ಕೂಡಿಸಿ, ಎಲ್ಲರಿಗೂ ಕೇಳುವಂತೆ ಓದಿದ. “ಒಂದೇ ಕೈ ಅವ್ವಾ. ಬ್ಯಾರೆ ಯಾರೂ ಓಡ್ಸಿಲ್ಲ.”

“ಸಪ್ಪಳಕ್ಕ ಕೇಸ್ ಆಗಂಗಿಲ್ಲ ಮುದುಕಿ ಅಂದಿದ್ರಲ್ಲ, ಆ ಪೊಲೀಸರ್ನ ಕರ್ಕೊಂಡು ಬಾ,” ಎಂದಳು ಕಾಂತಾಬಾಯಿ. “ಎರಡು ವರ್ಷದ ಹಿಂದ ನಿಮ್ಮಣ್ಣನ ಮ್ಯಾಲ ಹಾಯ್ದು ನಿಲ್ಲದೇ ಹೋದ ಕೆಮ್ಮು ಇದೇ.”