ಸೇದಿದ ನೀರು

ಮಹಾಪೆಯ ಗುಡಿಸಲುಗಳಿಗಿದ್ದ ಒಂದೇ ಬಾವಿಗೆ ನಿನ್ನೆ ಸಂಜೆ ಡಂಪರಿನಿಂದ ಕಲ್ಲುಮಣ್ಣು ಸುರಿದು ಮುಚ್ಚಿದರು. ಇವತ್ತು ಬೆಳಿಗ್ಗೆ ಅದರ ಮೇಲೆ ಶಾಮಿಯಾನ, ಕಂಪನಿಯೊಂದರ ಕಟ್ಟಡಕ್ಕೆ ಭೂಮಿಪೂಜೆ.

ಪೂಜೆಗೆಂದು ಡೊಂಬಿವಲಿಯಿಂದ ಬಂದ ಹಯಗ್ರೀವ ಭಟ್ಟರಿಗೆ ಬಾವಿ ಮುಚ್ಚಿದ ಸುದ್ದಿ ಗೊತ್ತಿರಲಿಲ್ಲ. ಅಕ್ಕಿ ಹರವಿ, ಕಲಶ ಇಟ್ಟು, ನೀರು ಕೇಳಿದರು. ಕಂಪನಿಯ ಜಯಶೀಲ ಶೆಟ್ಟರು ಬಾಟ್ಲಿ ಹಿಡಿದರು. ಇದಾಗುವುದಿಲ್ಲ, ಈ ನೆಲದಲ್ಲಿ ಸೇದಿದ ನೀರೇ ಬೇಕು ಎಂದರು ಭಟ್ಟರು. ಚಂದ್ರನ ಮಣ್ಣು ತಂದು ಕರೆಂಟು ತೆಗೆಯಲು ಹೊರಟ ಕಂಪನಿ ನಮ್ಮದು, ನಿಮಗಿನ್ನೂ ಬಾವಿಯದ್ದೇ ಚಿಂತೆಯಾ ಎಂದು ಶೆಟ್ಟರು ಛೇಡಿಸಿದರು. ಆದರೆ ಮುಹೂರ್ತ ಮೀರುತ್ತಿತ್ತು. ಅಷ್ಟರಲ್ಲಿ ವಾಚ್‌ಮನ್ ಬಂದು ಹೇಳಿದ: ಹಿಂದಿನ ಗುಡಿಸಲಲ್ಲಿ ಒಂದು ಕೊಡ ಇದೆ, ಬಾವಿ ಮುಚ್ಚುವ ಮೊದಲು ಸೇದಿಟ್ಟದ್ದು.

ತಾವು ಕಲಶ ಇಟ್ಟದ್ದು ಯಾವುದರ ಮೇಲೆ ಎಂದು ಭಟ್ಟರಿಗೆ ಆಗ ತಿಳಿಯಿತು. ತಿಳಿದೂ ತಂಬಿಗೆ ಹಿಡಿದು, ಶೆಟ್ಟರನ್ನೂ ವಾಚ್‌ಮನ್‌ನನ್ನೂ ಕರೆದುಕೊಂಡು ಹೊರಟರು. ಇಂಥ ಮನೆಯ ನೀರನ್ನು ಅವರ ಅಪ್ಪನೂ ಮುಟ್ಟಿದವರಲ್ಲ, ಅವರೂ ಮುಟ್ಟಿದವರಲ್ಲ. ಮೇಲಿಂದ ಸುರಿಸಿಕೊಂಡರೆ ದೋಷವಿಲ್ಲ, ಸುರಿಯುವವರ ಕೈ ನೀರಿಗೆ ತಾಗದಿದ್ದರಾಯಿತು ಎಂದು ದಾರಿಯಲ್ಲೇ ಒಂದು ಶಾಸ್ತ್ರ ಹೊಂದಿಸಿಕೊಂಡರು.

ರಾಯಚೂರು ಕಡೆಯ ಸತ್ಯಮ್ಮ, ಗಾರೆ ಕೆಲಸದವಳು, ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಭಟ್ಟರು ಹೊಸಿಲಾಚೆಯೇ ನಿಂತು ಒಂದು ತಂಬಿಗೆ ನೀರು ಕೇಳಿದರು.

“ಬಾವಿ ಮುಚ್ಚಿದೋರಿಗೆ ನೀರ್ ಬೇಕಾತೇನ್ರಿ?”

ಭಟ್ಟರು ಶೆಟ್ಟರ ಮುಖ ನೋಡಿದರು. ಶೆಟ್ಟರಿಗೆ ಇಂಥದ್ದು ಹೊಸದಲ್ಲ. ಭೂಮಿಯಲ್ಲಿ ಎಲ್ಲರಿಗೂ ಸಾಲುವಷ್ಟು ಏನೂ ಉಳಿದಿಲ್ಲ, ಅದಕ್ಕೇ ನಾವು ಮೇಲೆ ಹೋಗುವುದು ಎಂದು ಸಮಾಧಾನವಾಗಿ ವಿವರಿಸಿದರು. “ಇನ್ನು ಐವತ್ತು ವರ್ಷ ಹೋಗ್ಲಿ, ನಿನ್ನ ಮೊಮ್ಮಕ್ಕಳಿಗೆ ಕರೆಂಟು, ನೀರು ಎಂತದೂ ಕಡಿಮೆ ಇಲ್ಲ ಮಾರಾಯ್ತಿ.”

“ಇವತ್ ಸಂಜಿಗೆ?”

“ಟ್ಯಾಂಕರ್ ಬರ್ತದಲ್ಲ.”

“ಹಂಗಾರ ನೀವ ಕಾಯ್ರಿ.”

ವಾಚ್‌ಮನ್ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಶೆಟ್ಟರ ದನಿ ಏರಿತು. ಗುಡಿಸಲು ನಿಂತಿರುವುದು ಯಾರ ಜಾಗದಲ್ಲಿ ಎಂದು ನೆನಪಿಸಿದರು. ನಾಳೆ ಬುಲ್ಡೋಜರ್ ಇತ್ತ ತಿರುಗಿದರೆ ತಮ್ಮನ್ನು ಕೇಳಬೇಡ ಎಂದರು. ಕೊಡ ಎತ್ತಿ ಸುರಿ ಎಂದು ಅಪ್ಪಣೆ ಮಾಡಿದರು. ಭಟ್ಟರು ತಂಬಿಗೆ ಮುಂದೆ ಚಾಚಿದರು.

ಸತ್ಯಮ್ಮ ಕೊಡದ ಮುಚ್ಚಳ ತೆಗೆದಳು. ಹಿಟ್ಟು ಮೆತ್ತಿದ ಬಲಗೈಯನ್ನು ಮೊಣಕೈವರೆಗೂ ಒಳಗೆ ಅದ್ದಿ, ಒಂದು ಸುತ್ತು ತಿರುವಿ, ಹೊರತೆಗೆದಳು.

“ಇನ್ನ ಇದು ಕುಡಿಯಾಕ ಅಷ್ಟ ಬರತೈತ್ರಿ,” ಅಂದಳು.