ಕೆಂಪು ಚೌಕದ ಅಂಚು

ಕೆಂಪು ಚೌಕದ ಕೆಳಗಿನ ಅಂಚಿನ ಗುಂಟ, ಚಿತ್ರಕ್ಕೆ ತಗಲದಂತೆ, ಹಿಸ್ಕೆಯ ಬೆರಳು ಎಡದಿಂದ ಬಲದ ತುದಿಯವರೆಗೂ ಸಾಗಿತು. ಎಲ್ಲಿಯೂ ಏರಲಿಲ್ಲ, ಇಳಿಯಲಿಲ್ಲ.

"ಆ ಗೆರೆ ಎಲ್ಲಿ ಹೋಯ್ತೇ, ನಿಂಕೆ?"

"ಅಲ್ಲೇ ಇದೆಯಲ್ಲ ದೊಡ್ಡಮ್ಮ! ಅಂಕುಡೊಂಕಾಗಿತ್ತು. ಟೇಪು ಅಂಟಿಸ್ಕೊಂಡು, ಮೂರು ದಿನ ಕೂತು ನೆಟ್ಟಗೆ ಮಾಡಿದೆ," ಎಂದಳು ನೆರೆಮನೆಯ ನಿಂಕೆ. ಫ್ರೀಸ್ಲಾಂಡಿನ ಆ ಪುಟ್ಟ ಮ್ಯೂಸಿಯಮ್ಮಿನಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವಳು ಅವಳೇ. "ಸೊಟ್ಟ ಗೆರೆ ಕಂಡ್ರೆ ದೊಡ್ಡಪ್ಪಂಗೆ ಆಗ್ತಿರ್ಲಿಲ್ಲ ಅಂತ ನೀವೇ ತಾನೆ ಹೇಳಿದ್ದು?"

ಹೇಳಿದ್ದು ನಿಜ. ಹಾಲು ಕರೆದು ಬಂದು ಚಿತ್ರ ಬರೆಯಲು ಕೂರುತ್ತಿದ್ದ ಹಿಸ್ಕೆಯ ಗಂಡ ಡೌವೆ ನಲವತ್ತು ವರ್ಷ ಒಂದು ಗೆರೆಯನ್ನೂ ಅಲುಗಿಸಿದವನಲ್ಲ. ಕೊನೆಯ ಬೇಸಿಗೆಯಲ್ಲಿ ಕೈ ನಡುಗತೊಡಗಿದಾಗ ಮಾತ್ರ "ಹಿಡ್ಕೋ" ಎಂದು ತನ್ನ ಮಣಿಕಟ್ಟನ್ನು ಹೆಂಡತಿಯ ಕೈಗೆ ಕೊಟ್ಟಿದ್ದ. ಅವನ ನಡುಕ, ಅವಳ ಹಿಡಿತ ಎರಡೂ ಸೇರಿ ಆ ಅಂಚು ಹಸುಗಳು ನಡೆದ ಜಾಡಿನಂತೆ ಬಳುಕಿತ್ತು. ಇಬ್ಬರೂ ಕೂಡಿ ಬರೆದದ್ದು ಅದೊಂದೇ.

"ಹಳೇ ಬಣ್ಣ ಅಡೀಲಿ ಇದೆಯೇನೇ?"

"ಇಲ್ಲಪ್ಪ, ಪೂರ್ತಿ ಕೆರೆದೇ ಹಚ್ಚಿದ್ದು. ಗುರುತೇ ಸಿಗಲ್ಲ, ನೋಡಿ!"

ಹಿಸ್ಕೆ ಚಾಚಿದ್ದ ಕೈಯನ್ನು ಕೋಟಿನ ಜೇಬಿಗೆ ಇಳಿಸಿದಳು.

"ಚೆನ್ನಾಗಿದೆ ಮಗಳೇ. ಅವರಿದ್ದಿದ್ರೆ ಮೆಚ್ಕೊಳ್ಳೋರು," ಎಂದಳು. ಅದೂ ನಿಜವೇ ಆಗಿತ್ತು.