ಓಡದ ಕಾರಿನ ಪೆಟ್ರೋಲು

ಕೀ ತಿರುಗಿಸಿದರೆ ಎಂಜಿನ್ ಸುತ್ತುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಸ್ಟ್ಯಾನಿಸ್ಲಾಸ್ ಗಲ್ಫಿನಿಂದ ರಜೆಯಲ್ಲಿ ಬಂದು ಎರಡು ದಿನವಾಗಿತ್ತು. ಎರಡು ದಿನವೂ ತಾಯಿ ರೋಸಲಿನ್ ಅನ್ನ ಮುಟ್ಟಿರಲಿಲ್ಲ. ಮಗನನ್ನು ಯಾರೋ ದೂರದ ನೆಂಟನೆಂಬಂತೆ ನೋಡಿ ತಟ್ಟೆ ಸರಿಸುತ್ತಿದ್ದರು. ಮೂರು ಗಂಟೆಗೆ ಅವರನ್ನು ಮಣಿಪಾಲದ ಡಾಕ್ಟರಿಗೆ ತೋರಿಸಬೇಕಿತ್ತು.

ಶಂಕರಪುರ ಪೇಟೆಯಿಂದ ಮೆಕ್ಯಾನಿಕ್ ಯಮನೂರ ಬಂದ. ಬಾಗಲಕೋಟೆ ಕಡೆಯವನು, ಅವಸರವಿಲ್ಲದವನು. ಹಾರ್ನ್ ಒತ್ತಿ ಬ್ಯಾಟರಿ ಸರಿಯಿದೆ ಎಂದ. ಪ್ಲಗ್ ಬಿಚ್ಚಿ, ಒರೆಸಿ, ಎಂಜಿನ್ನಿಗೆ ತಾಗಿಸಿ ಹಿಡಿದ. ನೀಲಿ ಕಿಡಿ ಹಾರಿತು. ಕಾರ್ಬ್ಯುರೇಟರಿನ ಪೈಪು ಕಳಚಿ ಮತ್ತೊಮ್ಮೆ ಕೀ ತಿರುಗಿಸಲು ಹೇಳಿದ. ಒಂದು ಹನಿಯೂ ಬೀಳಲಿಲ್ಲ.

"ಗಾಡಿ ಚಲೋ ಐತ್ರೀ ಸಾರ್. ಪೆಟ್ರೋಲೇ ಇಲ್ಲ."

"ಟ್ಯಾಂಕ್ ಫುಲ್ ಮಾಡಿಸಿ ಹೋದದ್ದು ನಾನು. ಇಲ್ಲಿ ಓಡಿಸಲು ಬರುವವರು ಯಾರುಂಟು ಮಾರಾಯ?"

ಪೆಟ್ರೋಲಿನ ಮುಳ್ಳು ವರ್ಷಗಳಿಂದ ಅರ್ಧದಲ್ಲೇ ಅಂಟಿಕೊಂಡಿತ್ತು, ಅದನ್ನು ನಂಬುವಂತಿರಲಿಲ್ಲ. ಸ್ಟ್ಯಾನಿಸ್ಲಾಸ್ ಕಿಲೋಮೀಟರ್ ನೋಡಿದ. ಹೋಗುವಾಗ ಡೈರಿಯಲ್ಲಿ ಬರೆದುಕೊಂಡಿದ್ದ ಅಂಕಿಯೇ. ಪ್ರತಿ ಆದಿತ್ಯವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿಡು ಎಂದು ಹೆಂಡತಿ ಒಲಿಂಡಾಳಿಗೆ ಹೇಳಿದ್ದ. ಅದಕ್ಕೆ ವರ್ಷಕ್ಕೆ ಐದಾರು ಲೀಟರ್ ಸಾಕು. ಉಳಿದದ್ದು? ಬೈಕಿನಲ್ಲಿ ಈ ಅಂಗಳಕ್ಕೆ ಬಂದು ಹೋಗುವವನು ಅವಳ ತಮ್ಮ ಬ್ರಯಾನ್ ಒಬ್ಬನೇ.

"ನಿನ್ನ ತಮ್ಮ ಇನ್ನು ಈ ಗೇಟು ದಾಟುವುದು ಬೇಡ" ಎಂದ.

"ಬ್ರಯಾನ್ ಅಲ್ಲ" ಎಂದಳು ಒಲಿಂಡಾ. "ಸುಟ್ಟದ್ದು ನಾನು. ದಿನಾ."

ಮಳೆಗಾಲದಿಂದ ಅತ್ತೆಗೆ ಮರೆವು ಹೆಚ್ಚಿತ್ತು. ಸ್ಟ್ಯಾನಿಸ್ಲಾಸ್ ಗಲ್ಫಿಗೆ ಹೋಗುವ ಮುಂಚೆ, ಉಡುಪಿಯ ಅಂಗಡಿಯಿಂದ ಮಧ್ಯಾಹ್ನ ಒಂದಕ್ಕೆ ಇದೇ ಕಾರಿನಲ್ಲಿ ಊಟಕ್ಕೆ ಬರುತ್ತಿದ್ದ ದಿನಗಳಲ್ಲೇ ಅವರು ಉಳಿದುಬಿಟ್ಟಿದ್ದರು. ಕಾರಿನ ಸದ್ದು ಕೇಳದೆ ತುತ್ತೆತ್ತುತ್ತಿರಲಿಲ್ಲ. ಒಲಿಂಡಾ ಒಂದಕ್ಕೆ ಕೀ ತಿರುಗಿಸಿ, ಅವರು ಉಂಡು ಕೈತೊಳೆದ ಮೇಲೆ ನಿಲ್ಲಿಸುತ್ತಿದ್ದಳು. ಗಂಡ ಬರುವ ಹಿಂದಿನ ದಿನ ಊಟದ ಕೊನೆಗೆ ಎಂಜಿನ್ ತಾನಾಗಿ ನಿಂತಿತ್ತು.

"ಮೊನ್ನೆಯೇ ಯಾಕೆ ಹೇಳಲಿಲ್ಲ?"

"ನೀವೇ ಬಂದ ಮೇಲೆ ಸದ್ದು ಯಾಕೆ ಎಂದುಕೊಂಡೆ."

ಯಮನೂರ ತನ್ನ ಬೈಕಿನಿಂದ ಒಂದು ಬಾಟಲಿ ಪೆಟ್ರೋಲ್ ತೆಗೆದು ಟ್ಯಾಂಕಿಗೆ ಸುರಿದ. ಸೀಟಿನಲ್ಲಿ ಕೂತು ಸ್ಟ್ಯಾನಿಸ್ಲಾಸ್ ನಾಲ್ಕನೆಯ ಸಲ ಕೀ ತಿರುಗಿಸಿದಾಗ ಎಂಜಿನ್ ಹತ್ತಿಕೊಂಡಿತು. ಮನೆಯೊಳಗೆ ತಾಯಿ ಕುರ್ಚಿ ಎಳೆದ ಸದ್ದಾಯಿತು.

"ಒಲಿಂಡಾ, ಸ್ಟ್ಯಾನಿ ಬಂದ. ಬಡಿಸು."

ಸ್ಟ್ಯಾನಿಸ್ಲಾಸ್ ಮನೆಯೊಳಗೆ ಹೋಗಲೆಂದು ಕಾರಿನ ಬಾಗಿಲು ತೆರೆದು, ಎಂಜಿನ್ ನಿಲ್ಲಿಸಲು ಕೀಗೆ ಕೈ ಹಾಕಿದ. ಒಲಿಂಡಾ ತಡೆದಳು. "ಈಗ ಬೇಡ. ನಿಲ್ಲಿಸಿದರೆ ಎದ್ದುಬಿಡುತ್ತಾರೆ."

ಅವಳು ಬಡಿಸಲು ಒಳಗೆ ಹೋದಳು, ಅವನು ಸೀಟಿನಲ್ಲೇ ಉಳಿದ. ಕಿಟಕಿಯೊಳಗೆ ತಾಯಿ ನಿಧಾನವಾಗಿ ಗಂಜಿ ಉಣ್ಣುವುದು ಕಾಣುತ್ತಿತ್ತು. ಒಂದು ಬಾಟಲಿ ಎಷ್ಟು ಹೊತ್ತು ಬಂದೀತು ಎಂದು, ಕೆಟ್ಟಿದೆಯೆಂದು ಗೊತ್ತಿದ್ದೂ, ಮುಳ್ಳಿನ ಕಡೆ ನೋಡಿದ. ಅದು ಅರ್ಧದಲ್ಲೇ ನಿಂತಿತ್ತು.